ಸೊಪ್ಪು ಸಾಕು

ಎಂಟು ತಿಂಗಳಿಗೆ ಹನ್ನೊಂದು ಕೆಜಿ ಮುನ್ನೂರು.
ತಕ್ಕಡಿಯ ಜೋಲಿ ಬಿಗಿದು ಕೊಕ್ಕೆ ಕಿರುಗುಟ್ಟಿತು.
ಸುತ್ತ ನಿಂತವರು ನೆಟಿಗೆ ಮುರಿದರು:
‘ಏನ್ ಮಗುವಮ್ಮ, ಬೆಣ್ಣೆಮುದ್ದೆ!’
ಜೆಮಾ ನಕ್ಕಳು.
ಈ ಸೀಮೆಯಲ್ಲಿ ಅವಳಿಗೆ ಯಾರೂ
ಅದುವರೆಗೆ ಏನನ್ನೂ ಹೊಗಳಿರಲಿಲ್ಲ.

ನನ್ನ ಚಾರ್ಟಿನಲ್ಲಿ ಕೆಳಗೆ ಜಾರುವ ಮಕ್ಕಳಿಗೆ
ಹಳದಿಯುಂಟು, ಕೆಂಪುಂಟು,
ವಾರಕ್ಕಿಷ್ಟು ಮೊಟ್ಟೆಯೆಂಬ ಸುತ್ತೋಲೆಯುಂಟು.
ಗೆರೆಗಳನ್ನೆಲ್ಲ ದಾಟಿ ಮೇಲೆ ಹೋದ ಚುಕ್ಕೆಯೆದುರು
ಪೆನ್ನು ಹಿಡಿದು ಸುಮ್ಮನೆ ಕೂತೆ,
ಇಪ್ಪತ್ತೆರಡು ವರ್ಷದ ಅಂಗನವಾಡಿ ಟೀಚರು.

ಮೇಲೂರಿನಾಚೆ, ಹುಳು ಸಾಕುವ ಮನೆಯ ಬೆನ್ನಿಗೆ
ಶೀಟು ಹೊದ್ದ ಕೋಣೆ.
ನಾನು ಹೋದಾಗ ಮಗು ಅತ್ತಿತು: ಬಾಟಲಿ.
ಕಣ್ಣುಜ್ಜಿತು: ಬಾಟಲಿ.
ಸೀನಿತು: ಹಾಲಿನಲ್ಲಿ ಕಲಸಿದ ಬಿಸ್ಕತ್ತು.
ಬಾಗಿಲಲ್ಲಿ ನಾಯಿ ಬಂದು ನಿಂತಿತು, ಮಗು ಕೈಚಾಚಿತು.
ಕೇಳಿದ್ದು ನಾಯಿಯನ್ನು;
ಸಿಕ್ಕಿದ್ದು ಮತ್ತೆರಡು ಚಮಚ.
‘ಖಾ,’ ಅನ್ನುತ್ತಾಳೆ, ‘ಖಾ, ಖಾ.’
ಅವಳ ಒಡಿಯಾದಲ್ಲಿ ನನಗೆ ಗೊತ್ತಿರುವುದು ಅದೊಂದೇ ಮಾತು.

ಸಂಜೆಯಾದರೆ ಬಲಾಂಗೀರಿನಿಂದ ವಿಡಿಯೋ ಕಾಲು.
ಅತ್ತೆ ಕೇಳುವುದು ಕೂಲಿಯನ್ನಲ್ಲ, ಮಗನನ್ನಲ್ಲ.
ಗಲ್ಲ ತೋರಿಸು.
ಇವಳು ಮಗುವನ್ನು ಬಲ್ಬಿನಡಿ ಹಿಡಿಯುತ್ತಾಳೆ.
ಅಷ್ಟು ದೂರ ಬಂದದ್ದಕ್ಕೆ ರಸೀದಿ ಅದು.

‘ಜಾಸ್ತಿಯಾಯ್ತಮ್ಮ’ ಎಂದೆ. ಕೈಯಲ್ಲೂ ಹೇಳಿದೆ.
ಅವಳು ಟ್ರಂಕಿನಿಂದ ತೆಗೆದಳು ಒಂದು ಉಡಿದಾರ,
ಕಪ್ಪು ಬಣ್ಣ ಮಾಸಿದ್ದು,
ಒಂದೂವರೆ ವರ್ಷದ ಮೊದಲನೆಯವಳ ಸೊಂಟದ್ದು.
ಇವನ ಕಾಲಿಗೆ ಏರಿಸಿ ತೋರಿಸಿದಳು.
ಮೊಣಕಾಲು ದಾಟಲಿಲ್ಲ.
ಮತ್ತೆ ಮಡಚಿ ಒಳಗಿಟ್ಟಳು.

ನಾನೇನು ಕಡಿಮೆಯೇ.
ಚಾಚಿದ ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು,
ಒಳಲೆಯಲ್ಲಿ ರಾಗಿ ಸರಿ ಹುಯ್ದವಳು.
ಅವನು ಗೊಳಗೊಳ ಅಂದರೆ ಪಕ್ಕದ ಮನೆಗೂ ಕೇಳಬೇಕು,
ನನ್ನ ಮಗ ಉಂಡ ಅಂತ.
ಈಗ ಇಪ್ಪತ್ತಾರು. ಶುಗರ್ ಅಂಚಿಗೆ ಬಂದಿದೆ.
ಹೊಟ್ಟೆ ತುಂಬಿತೇ ಎಂದರೆ
ತಟ್ಟೆ ನೋಡಿ ಹೇಳುತ್ತಾನೆ.

ಹೊರಡುವ ಹೊತ್ತಿಗೆ ಅವಳು ತಟ್ಟೆಗಳ ನಡುವೆ ಇದ್ದಳು.
ಮಳೆ ಹುಯ್ದಂತೆ ಎಲೆ ತಿನ್ನುತ್ತಿದ್ದ ಹುಳುಗಳು
ಅಂದು ಸದ್ದಿಲ್ಲ.
ತಲೆಯೆತ್ತಿ, ಅಲ್ಲಾಡದೆ, ಯಾವುದೋ ದೇವರಿಗೆ ಕೂತ ಹಾಗೆ.
ಸೊಪ್ಪಿನ ಹೊರೆ ತಂದ ಯಜಮಾನರಿಗೆ
ಅಡ್ಡ ಕೈ ಚಾಚಿ ಅಂದಳು, ಅಚ್ಚ ನಮ್ಮ ಕಡೆಯ ಕನ್ನಡದಲ್ಲಿ:
‘ಜ್ವರಕ್ಕೆ ಕೂತವೆ. ಸೊಪ್ಪು ಸಾಕು.’

ನಾನು ಏನೂ ಹೇಳಲಿಲ್ಲ.
ತಲೆಯೆತ್ತಿದ ಒಂದು ಹುಳವನ್ನು ತೋರಿಸಿದೆ.
ಅವಳ ಕಂಕುಳಲ್ಲಿ
ಚಮಚಕ್ಕೆ ಬೆನ್ನು ಮಾಡಿ ಗೋಡೆಯ ಹಲ್ಲಿ ನೋಡುತ್ತಿದ್ದ
ಮುಖವನ್ನು ತೋರಿಸಿದೆ.
ನನ್ನನ್ನು ನೋಡಿದಳು, ಹುಳ ನೋಡಿದಳು.
ಚಮಚ ಗಾಳಿಯಲ್ಲೇ ನಿಂತಿತು.
ಅಷ್ಟರಲ್ಲಿ ಫೋನು.

ಮುಂದೇನಾಯಿತೋ ನೋಡಲು ನಿಲ್ಲಲಿಲ್ಲ.
ಕೊನೇ ಬಸ್ಸು; ಹೆಗಲಲ್ಲಿ ತಕ್ಕಡಿ.

ಮನೆಯಲ್ಲಿ ಮಗ ಉಣ್ಣುತ್ತಿದ್ದ.
ಅಪರೂಪಕ್ಕೆ, ಸಾಕು ಎಂದು ಕೈ ಅಡ್ಡ ಹಿಡಿದ.
ಅವನ ಬೆರಳ ಸಂದಿಯಿಂದ
ಸಾರು ಆಗಲೇ ಸುರಿಯುತ್ತಿತ್ತು.