ಮೇಸ್ತ್ರಿಯ ಮೂರು ಕೋಟೆ

ಸಾರುವೆಯಿಂದ ಜಾರಿ ಬಿದ್ದ ಮೇಲೆ
ಗೋಡೆಗೆ ಹಾಕುವ ಪ್ಲಾಸ್ಟರ್ ನನ್ನ ಬಲಗೈಗೆ ಬಂತು.
ಉಳಿದದ್ದು ಎಡಗೈ, ಮತ್ತು ಆರು ವಾರ.
ಬೋಳೂರಿನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ
ಜೋವಿಟಾ ಕುರ್ಚಿ ಎಳೆದಳು:
"ಕೂತ್ಕೊಳ್ಳಿ ಐತಪ್ಪಣ್ಣ, ಒಂದು ಕೋಟೆ ಕಟ್ಟುವ."

ನಲವತ್ತು ವರ್ಷ ಕೆಂಪುಕಲ್ಲು ಕಟ್ಟಿದವನಿಗೆ
ಹನ್ನೊಂದರ ಹುಡುಗಿ ಗೋಡೆ ಹೇಳಿಕೊಡುವುದಾ?
ನಕ್ಕೆ. ಕರಣೆ ಹಿಡಿದ ಹಾಗೆ ಮೌಸ್ ಹಿಡಿದು
ಇದ್ದ ಕಲ್ಲನ್ನೆಲ್ಲ ಸುರಿದು
ಗುಡ್ಡದ ಸುತ್ತ ಗೋಡೆ ಎಬ್ಬಿಸಿದೆ,
ತೂಗುಗುಂಡು ಬಿಟ್ಟು ನೋಡಬಹುದಾದ ಗೋಡೆ.
ಒಳಗೆ ಇಪ್ಪತ್ತು ಮಂದಿ, ಒಂದು ನಾಯಿ.
ಊಟ ಇಲ್ಲ.
ವೈರಿ ಬರಲಿಲ್ಲ, ಬರುವ ಅಗತ್ಯವೂ ಬೀಳಲಿಲ್ಲ.
ನನ್ನ ಜನ ಒಬ್ಬೊಬ್ಬರೇ ಬಾಗಿಲು ತೆರೆದು
ತಲೆ ತಗ್ಗಿಸಿ ಹೊರಗೆ ನಡೆದರು.
ಕಡೆಗೆ ನಾಯಿ.

"ಮೊದಲು ಮರ," ಅಂದಳು ಜೋವಿಟಾ.
"ಮರ ಕಡಿಯುವವನ ಗುಡಿಸಲು ಕಾಡಿನ ಬುಡದಲ್ಲೇ ಇರಲಿ,
ಅವನು ನಡೆಯುವ ದೂರವೂ ನಿಮ್ಮ ಖರ್ಚೇ.
ಆಮೇಲೆ ಕಣಜ. ಗೋಧಿ ರೊಟ್ಟಿ ಆಗುವುದು ನಿಧಾನ,
ಅಷ್ಟರವರೆಗೆ ಸೇಬು.
ತೆರಿಗೆ ಈಗಲೇ ಕೇಳಬೇಡಿ.
ಗೋಡೆ ಕಡೆಗೆ. ಅದೂ ಇಡೀ ಊರಿಗಲ್ಲ."
"ಸೇಬು ಯಾಕೆ? ಗಂಜಿ ಇಲ್ಲವಾ?"
"ಇಲ್ಲ. ಮೀನೂ ಇಲ್ಲ."
ಮೀನಿಲ್ಲದ ಊರನ್ನು ಯಾಕೆ ಕಾಯಬೇಕು
ಎಂದು ನಾನು ಕೇಳಲಿಲ್ಲ.

ಎರಡನೆಯ ಕೋಟೆಯಲ್ಲಿ ರೊಟ್ಟಿ ಇತ್ತು.
ಚಂದಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲಿಟ್ಟೆ,
ಬಾಗಿಲಿಗೊಬ್ಬ ಬಿಲ್ಲುಗಾರ.
ವೈರಿ ಒಂದೇ ಬಾಗಿಲಿಗೆ ಅರವತ್ತು ಮಂದಿಯನ್ನು ತಂದ.
ಉಳಿದ ಮೂವರು ತಮ್ಮ ತಮ್ಮ ಬಾಗಿಲಲ್ಲಿ
ನಿಷ್ಠೆಯಿಂದ ಖಾಲಿ ಹುಲ್ಲು ಕಾಯುತ್ತಿದ್ದರು.

ರಾತ್ರಿಯಿಡೀ ಪ್ಲಾಸ್ಟರಿನೊಳಗೆ ತುರಿಕೆ.
ಬೆಳಿಗ್ಗೆ ಸುಲ್ತಾನ್ ಬತ್ತೇರಿಗೆ ನಡೆದೆ.
ತಣ್ಣೀರುಬಾವಿಯ ದೋಣಿಗೆ ಕಾಯುವಾಗ
ಇಷ್ಟು ವರ್ಷ ಅದರ ನೆರಳು ಮಾತ್ರ ಬಳಸಿದವನು ನಾನು.
ಮೆಟ್ಟಿಲು ಹತ್ತಿ ಒಂದು ಕಿಂಡಿಗೆ ಕಣ್ಣಿಟ್ಟೆ: ಹೊಳೆ.
ಪಕ್ಕದ ಕಿಂಡಿ: ಅದೇ ಹೊಳೆ, ಬೇರೆ ಓರೆಯಲ್ಲಿ.
ಕಟ್ಟಿದವನು ಆಗ ನನಗೆ ಕಂಡ,
ಅವನ ಮುಖ ಅಲ್ಲ, ಲೆಕ್ಕ.
ಎಲ್ಲ ಕಡೆ ನೋಡುವುದಲ್ಲ,
ಬರುವ ಕಡೆ ಎರಡು ಸಲ ನೋಡುವುದು.
ಕೆಳಗಿಂದ ದೋಣಿಯವ ಕೂಗಿದ, "ಬರುದುಂಟಾ ಮೇಸ್ತ್ರಿ?"
"ಇಲ್ಲ ಮಾರಾಯ, ಕೆಲಸದಲ್ಲಿದ್ದೇನೆ."

ಮೂರನೆಯದಕ್ಕೆ ಜೋವಿಟಾಳ ಕ್ರಮ, ನನ್ನ ಗೋಡೆ.
ಒಂದು ಕಡೆ ಬೇಕೆಂದೇ ತಗ್ಗು ಮಾಡಿದೆ.
"ಅಯ್ಯೋ, ಅಲ್ಲಿಂದಲೇ ಬರ್ತಾರೆ!"
"ಬರಲಿ. ನೀರಿಗೆ ದಾರಿ ಬಿಡದ ಪಾಗಾರ
ಮೊದಲ ಆಟಿಯಲ್ಲೇ ಹೊಟ್ಟೆ ಉಬ್ಬಿಸಿ ಬೀಳುತ್ತದೆ.
ತೂತು ಎಲ್ಲಿ ಅಂತ ನಾವು ಹೇಳಬೇಕು,
ಇಲ್ಲದಿದ್ದರೆ ನೀರು ಹೇಳುತ್ತದೆ."
ತಗ್ಗಿನ ಎರಡು ಬದಿಗೆ ಬುರುಜು,
ಒಂದೊಂದರಲ್ಲಿ ಹನ್ನೆರಡು ಬಿಲ್ಲು,
ಮುಂದೆ ಕಂದಕ, ಹಿಂದೆ ಇನ್ನೊಂದು ಗೋಡೆ,
ಅದರಾಚೆ, ಬೆಂಕಿ ಹಾರದಷ್ಟು ದೂರ, ಕಣಜ.

ಅವನು ತಗ್ಗಿಗೇ ಬಂದ. ಏಣಿ ತಂದ.
ಜೋವಿಟಾ ನನ್ನ ಪ್ಲಾಸ್ಟರನ್ನೇ ಹಿಡಿದು ಅಲ್ಲಾಡಿಸಿದಳು,
ನೋವಾಯಿತು, ಹೇಳಲಿಲ್ಲ.
ಹೊರಗೋಡೆ ಬಿತ್ತು. ಒಳಗೋಡೆ ನಿಂತಿತು.
ಕಣಜದಲ್ಲಿ ಎಣಿಸಿ ಏಳು ರೊಟ್ಟಿ.
ಗೆದ್ದಿರಿ ಅಂತ ಪರದೆ ಹೇಳುತ್ತಿರುವಾಗ
ನಾನು ನೋಡಿದ್ದು ಗಿರಣಿಯವನನ್ನು.
ಯುದ್ಧ ಮುಗಿದದ್ದಾಗಲಿ ಶುರುವಾದದ್ದಾಗಲಿ ತಿಳಿಯದೆ
ಮೂಟೆ ಹೊತ್ತು
ಅವನು ಅದೇ ದಾರಿಯಲ್ಲಿ ನಡೆಯುತ್ತಿದ್ದ.

"ಬಿದ್ದ ಗೋಡೆ ಒಂದೇ ಕ್ಲಿಕ್ಕಿಗೆ ಏಳುತ್ತದೆ, ಒತ್ತಲಾ?"
ಬೇಡ ಅಂದೆ.
"ಪಣೆಯಿಂದ ಬಂದ ಕಲ್ಲು ಮೆತ್ತಗಿರುತ್ತದೆ ಮಗಾ,
ಗಾಳಿ ಕುಡಿದು ಗಟ್ಟಿಯಾಗಬೇಕು.
ಎರಡು ದಿನ ಹಾಗೇ ಇರಲಿ."
"ಇದರೊಳಗೆ ಗಾಳಿ ಎಲ್ಲಿಂದ ಬರಬೇಕು ಐತಪ್ಪಣ್ಣ?"

ಎಡಗೈ ಚಾಚಿ
ಫ್ಯಾನಿನ ಸ್ವಿಚ್ಚು ಹಾಕಿದೆ.