ಎಂಟು ಕಿಲೋ ಒಂಬೈನೂರು

ಆ ಭಾನುವಾರ, ಮೆಣಸಿನ ಚೀಲ ತೂಗುವ ನನ್ನ ಕೊಕ್ಕೆಗೆ
ಲುವಾಮ್ ತನ್ನ ಸೈಕಲ್ಲನ್ನು ನೇತುಹಾಕಿದಳು.
ಕೇಳಲಿಲ್ಲ. ಕೇಳಿದ್ದರೆ ಬೇಡ ಅನ್ನುತ್ತಿದ್ದೆನೇ?
ಮುಳ್ಳು ನಡುಗಿತು, ಹಿಂದೆ ಮುಂದೆ ಓಲಾಡಿತು,
ಎಂಟು ಕಿಲೋ ಒಂಬೈನೂರಕ್ಕೆ ಬಂದು
ಉಸಿರು ಬಿಗಿಹಿಡಿದು ನಿಂತಿತು.

"ಪೆಡಲ್ ಸೇರಿ?" ಎಂದ ಟೈರಿನ ಅಂಗಡಿಯ ಜೆರಿಸೆನಾಯ್.
"ಪೆಡಲ್ ಸೇರಿ. ಬಾಟಲಿಯ ಗೂಡೂ ಸೇರಿ.
ಬೇಕಾದರೆ ಅದಕ್ಕೆ ಮೆತ್ತಿಕೊಂಡ ನಿನ್ನ ಕಣ್ಣೂ ಸೇರಿ."
ಅಸ್ಮರಾದ ಮೆದೆಬೆರ್ ಸಂತೆ ನಕ್ಕಿತು.
ತಗಡು ಬಡಿಯುವವರ ಸುತ್ತಿಗೆ ಒಂದು ಪೆಟ್ಟು ತಪ್ಪಿತು.

ಎರಡು ವರ್ಷದ ಗಳಿಕೆ ಅದು. ನಾನು ಕಂಡಿದ್ದೇನೆ.
ನಸುಕಿನ ನಾಲ್ಕಕ್ಕೆ ಬೇಕರಿಯಲ್ಲಿ ಹಿಟ್ಟು ನಾದುವವಳು
ಮಧ್ಯಾಹ್ನ ಇಲ್ಲಿ ಗುಜರಿ ಗುಡ್ಡೆಗಳ ನಡುವೆ
ಕೋಳಿಯ ಹಾಗೆ ಕೆದಕುತ್ತಿದ್ದಳು.
ಚೌಕಟ್ಟು ಸಿಕ್ಕಿದ್ದು ಬಡಗಿಯೊಬ್ಬನ ಮಾಡಿನ ಮೇಲೆ,
ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದರಂತೆ, ಪಾಪಿಗಳು!
ಇಟಲಿಯವರ ಕಾಲದ ಉಕ್ಕು, ತೆಳ್ಳನೆಯ ಕೊಳವೆ,
ಬೆರಳಲ್ಲಿ ತಟ್ಟಿದರೆ ಕಂಚಿನ ಬಟ್ಟಲ ದನಿ.
ಗೇರು ಕೆರೆನ್ನಿನ ಬಸ್ ಡ್ರೈವರನಿಂದ,
ಎರಡು ಡಬ್ಬಿ ಹಾಲಿನ ಪುಡಿಗೆ.
ಬ್ರೇಕು ಒಂದು ಜಪಾನಿನದು, ಇನ್ನೊಂದು ಯಾವ ದೇಶದ್ದೋ,
ಹೆಸರು ಸವೆದುಹೋಗಿದೆ.
ಸೀಟು ಮಾತ್ರ ಹೊಸದು. ಸ್ಟಾಕ್‌ಹೋಮಿನ ಚಿಕ್ಕಮ್ಮ
"ಮದುವೆಗೆ ಚಿನ್ನ ಕಳಿಸಲೇ?" ಎಂದಾಗ
"ಸೀಟು ಕಳಿಸು" ಎಂದಿದ್ದಳು.

ಬಣ್ಣದ್ದೇ ಒಂದು ಕಥೆ.
ಕೆಂಪು ಎಲ್ಲರದ್ದೂ. ಬಿಳಿ ಆಂಬುಲೆನ್ಸಿನದು.
ಕಪ್ಪು ಬಳಿದರೆ ಗಾಯ ಕಾಣುವುದಿಲ್ಲ, ಅದು ಮೋಸ.
ಮೂರು ತಿಂಗಳು ಹೀಗೆ ತಲೆ ಕೆಡಿಸಿಕೊಂಡು
ಒಂದು ದಿನ ನನ್ನ ಅರಿಸಿನದ ಚೀಲದ ಮುಂದೆ ಕುಕ್ಕರಿಸಿ
ಕಿರುಬೆರಳ ಉಗುರಲ್ಲಿ ಒಂದಿಷ್ಟು ತೆಗೆದು
ಬಿಸಿಲಿಗೆ ಹಿಡಿದಳು.
ಪೇಂಟಿನವನಿಗೆ ತೋರಿಸಿದ್ದು ಅದೇ ಉಗುರನ್ನು.

ಸಂಜೆ. ಹಾರ್ನೆತ್ ಬೀದಿಯ ತಾಳೆಮರಗಳ ಸಾಲು.
ಕಡಲ ಕಡೆಯಿಂದ ಹತ್ತಿ ಬರುವ ಮಂಜು ಇನ್ನೂ ಬಂದಿಲ್ಲ.
ಊರಿಗೆ ಊರೇ ಇಸ್ತ್ರಿ ಬಟ್ಟೆ ತೊಟ್ಟು ಸುಮ್ಮನೆ ನಡೆಯುವ ಹೊತ್ತು.
ಲುವಾಮ್ ಸೈಕಲ್ ಹತ್ತಲಿಲ್ಲ. ಸೀಟಿನ ಮೇಲೆ ಕೈಯಿಟ್ಟು
ನಡೆಸಿಕೊಂಡು ಬಂದಳು.
ಹಿಂಚಕ್ರ ಟಿಕ್ ಟಿಕ್ ಟಿಕ್,
ಹೊಸ ಚಪ್ಪಲಿ ಮೆಟ್ಟಿದ ಮಗುವಿನ ಹಾಗೆ
ಬೇಕೆಂದೇ ಸದ್ದು ಮಾಡುತ್ತ.
ಕಾಫಿ ಅಂಗಡಿಯ ಗೋಡೆಗೆ ಒರಗಿಸಿದಳು,
ಚೈನಿನ ಮಗ್ಗುಲು ಬೀದಿಗೆ ಕಾಣುವಂತೆ,
ಪೆಡಲ್ ಮುಂದಕ್ಕೆ, ಟೈರಿನ ಹೆಸರು ವಾಲ್ವಿಗೆ ನೇರ.
ಆಮೇಲೆ ಅದಕ್ಕೆ ಬೆನ್ನು ಹಾಕಿ ಕೂತಳು,
ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ,
ಮಕಿಯಾಟೊಗೆ ಮೂರು ಚಮಚ ಸಕ್ಕರೆ ಸುರಿಯುತ್ತ.

ಜನ ಬಂದರು, ಬಗ್ಗಿದರು. ಒಬ್ಬ ಚಕ್ರ ಎತ್ತಿ ತಿರುಗಿಸಿದ.
ಶಾಲೆಯ ಹುಡುಗರು ಗೇರಿನ ಹಲ್ಲು ಎಣಿಸಿದರು,
ಇಪ್ಪತ್ತೊಂದೋ ಇಪ್ಪತ್ಮೂರೋ, ಜಗಳವಾಯಿತು.
ಎದುರು ಕೂತ ನನ್ನ ಕನ್ನಡಕದ ಗಾಜಿನಲ್ಲಿ
ಅವಳು ಎಲ್ಲವನ್ನೂ ನೋಡುತ್ತಿದ್ದಳು.

ಕೊನೆಗೆ ಬಂದರು ಗಡಿಯಾರ ರಿಪೇರಿಯ ಘೆಬ್ರೆಜ್ಗಿ.
ಮಸ್ಸಾವದ ಕಡಲಿಂದ ಇಲ್ಲಿಯ ತನಕ ಹತ್ತಿ
ಒಂದು ಕಾಲಕ್ಕೆ ರೇಸು ಗೆದ್ದವರು
(ಎರಡನೆಯ ಸ್ಥಾನ ಅನ್ನುತ್ತಾರೆ, ಬಲ್ಲವರು).
ಮುಟ್ಟಲಿಲ್ಲ. ಕೈ ಬೆನ್ನಿಗೆ ಕಟ್ಟಿ ಒಂದು ಸುತ್ತು ಬಂದರು,
ಹೆಣ್ಣು ನೋಡಲು ಬಂದ ಸೋದರಮಾವನ ಗತ್ತು.
"ಹ್ಯಾಂಡಲಿನ ಪಟ್ಟಿ," ಎಂದರು. "ಎಡಗಡೆಯದು ಉಲ್ಟಾ ಸುತ್ತಿದೆ.
ಏರು ಹತ್ತುವಾಗ ನಿನ್ನ ಕೈಯೇ ಬಿಚ್ಚಿಹಾಕುತ್ತದೆ."
ಅಷ್ಟೇ. ಹೊರಟುಹೋದರು.

"ಮುದುಕನಿಗೆ ಪೊರೆ ಬಂದಿದೆ," ಎಂದೆ ನಾನು.
ಅವಳು ಚಮಚ ನೆಕ್ಕಿ ತಟ್ಟೆಯಲ್ಲಿಟ್ಟಳು.

ರಾತ್ರಿ ಹತ್ತು. ಮಂಜು ಬೀದಿದೀಪಗಳನ್ನು ನುಂಗಿತ್ತು.
ಬಾಗಿಲು ಬಡಿದಳು: "ಕತ್ತರಿ ಇದೆಯಾ?"
ಮೆಣಸಿನ ಚೀಲಗಳ ನಡುವೆ ಕೂತು
ಬಿಳಿ ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು.
ಮತ್ತೆ ಶುರು: ಕೆಳತುದಿಯಿಂದ, ಹೊರಮುಖವಾಗಿ,
ಇನ್ನೊಂದು ಕೊನೆಯನ್ನು ಹಲ್ಲಲ್ಲಿ ಕಚ್ಚಿ.
ಘಾಟಿಗೆ ಸೀನಿದಳು, ಕಣ್ಣೊರೆಸಿಕೊಂಡಳು, ಬೈದಳು.
ಪಟ್ಟಿಯ ಮೇಲೆ ಹೆಬ್ಬೆರಳಿನ ಕೆಂಪು ಗುರುತು.
"ತೊಳೆದರೆ ಹೋಗುತ್ತೆ," ಎಂದೆ.
"ಇರಲಿ ಬಿಡು. ಇನ್ನೊಮ್ಮೆ ತೂಗು."

ತೂಗಿದೆ. ಮುಳ್ಳು ನಿಂತಿದ್ದು
ಕೂದಲೆಳೆಯಷ್ಟು ಆಚೆಗೆ.
ಎಂಟು ಒಂಬೈನೂರು ಎಂದೆ.