ಸವಕಳಿ ಕಳೆದು

ನಷ್ಟದ ಕಾರಣ, ಅಂತ ಕೇಳ್ಯದ ಫಾರಂ.
ಒಂದೂವರಿ ಗೆರಿ ಜಾಗ ಬಿಟ್ಟದ.
ಗಾಳಿ, ಅಂತ ಬರೆದೆ.
ಉಳದ ಜಾಗ ನೋಡಿ ನಾಚಿಕಿ ಬಂದು
ಮಳಿ, ಅಂತ ಸೇರಿಸಿದೆ.

ದಿನಾಂಕ ಗೊತ್ತದ. ವೇಳೆ?
ಸಂಜಿ ಪ್ಯಾಸೆಂಜರ್ ಶಹಾಬಾದ ಬಿಟ್ಟಿತ್ತು.
ಮಷೀನಿನ ಮ್ಯಾಲ ಸುಗುಣಾ ಟೀಚರ ಸೀರಿ,
ಅರ್ಧ ಫಾಲ್ ಹಚ್ಚಿದ್ದು.
ಮೊದಲು ಧೂಳು ಬಂತು,
ಪಾಲಿಶ್ ಕಾರ್ಖಾನಿ ಕಲ್ಲಿನ ಬೂದಿ ಧೂಳು,
ಆಮ್ಯಾಲ ಒಂದು ಸಪ್ಪಳ,
ಯಾರೋ ಇಡೀ ಥಾನು ಒಂದೇ ಏಟಿಗೆ ಹರದಂಗ.
ತಲಿ ಎತ್ತಿದರ ಆಕಾಶ ಇತ್ತು.
ಇದಕ್ಕ ಎಷ್ಟು ಗಂಟಿ ಅಂತ ಬರೀಲಿ?
ಐದೂ ನಲವತ್ತು, ಅಂತ ಬರೆದೆ.

ಸೊಸೈಟಿ ಸಾಲದ ಸಂಗಾಟ ಹಚ್ಚಿಕೊಟ್ಟ ಪಾಲಿಸಿ.
ವರ್ಷಕ್ಕೊಮ್ಮೆ ರೊಕ್ಕ ಮುರಕೊಳ್ಳತಿದ್ರು,
ನಾ ಓದಿದ್ದಿಲ್ಲ.

ಹನ್ನೊಂದನೇ ದಿನ ಕಲಬುರಗಿಯಿಂದ ಸರ್ವೇಯರ್ ಬಂದ,
ಮಾಣಿಕಪ್ಪ ಅಂತ, ಇಸ್ತ್ರಿ ಮುರಿಯದ ಅಂಗಿ.
ನಿಚ್ಚಣಿಕಿ ಹತ್ತಲಿಕ್ಕೆ ಹೆದರಿ ಕೆಳಗಿಂದೇ ಟೇಪು ಹಿಡಿದ.
ಹದಿನಾಲ್ಕು ಪತ್ರಾ ಹೋಗ್ಯಾವ್ರಿ, ಅಂದೆ.
ಸಿಕ್ಕಿದ್ದೆಷ್ಟು?
ಒಂಬತ್ತು. ಮುದ್ದಿ ಮಾಡಿ ಒಗದ ಹಾಳಿಯಂಗ.
(ಉಳದ ಐದರಾಗ ಒಂದು
ರಜಾಕಮಿಯಾನ ಆಡಿನ ಮ್ಯಾಲ ಅದ.
ಗೊತ್ತದ ನನಗ.
ಆಡು ಮೊನ್ನಿ ಈದದ.
ಸಿಕ್ಕಿಲ್ಲ, ಅಂದೆ.)

ಮೊಳಿ ಹೊಡದಿದ್ರೇನು, ಬರೇ ಕಲ್ಲು ಹೇರಿದ್ರೇನು?
ಈ ಊರಾಗ ಕಲ್ಲು ಬಿಟ್ಟು ಏನು ಹೇರತಾರ್ರಿ ಸಾಹೇಬ್ರ,
ಗ್ವಾಡಿ ಕಲ್ಲು, ನೆಲ ಕಲ್ಲು,
ಬಟ್ಟಿ ಒಗಿಯೋದೂ ಅದರ ಮ್ಯಾಲೇ.
ಎರಡೂ ಇತ್ತು. ಮೊಳಿ ಗಾಳಿ ಸಂಗಾಟ ಹೋಗ್ಯದ,
ಕಲ್ಲು ಉಳದದ, ನೋಡ್ರಿ, ಹಿಟ್ಟಿನ ಡಬ್ಬಿಯೊಳಗ.
ಅವ ಡಬ್ಬಿ ಬರಕೊಳ್ಳಲಿಲ್ಲ.
ಡಬ್ಬಿ ಪಾಲಿಸಿಯೊಳಗ ಬರಂಗಿಲ್ಲಂತ.

ಹೊಂಡೂ ಮುಂದ, ಚಪ್ಪಲಿ ಮೆಟ್ಟಿಕೊಂಡು, ಕೇಳಿದ:
ಗಾಳಿಗಿಂತ ಮುಂಚಿನ ಛತ್ತಿನ ಫೋಟೋ ಅದ ಏನು?

ಛತ್ತಿನ ಫೋಟೋ ಯಾರು ತಗೀತಾರ?
ತಾಡಪತ್ರಿ ಕೆಳಗ ಕೂತು ರಾತ್ರೆಲ್ಲ ಮೊಬೈಲ್ ಜಾಲಾಡಿದೆ.
ತಂಗಿ ಕುಬಸ: ಹಸರು ಸೀರಿ, ಹಸರು ಬಳಿ,
ತಲಿ ಮ್ಯಾಲ ಬೆರಳಗಲ ಪತ್ರಾ.
ಗ್ಯಾಸು ಬಂದ ದಿನ: ಅತ್ತಿ, ಸಿಲಿಂಡರು,
ಸಿಲಿಂಡರಿಗೆ ಹೂವಿನ ಹಾರ.
ಗಿರಾಕಿಗಳ ಬೆನ್ನು, ಇನ್ನೂರು ನಮೂನಿ ಕುಪ್ಪಸ.
ಎಲ್ಲಾ ಕಡೆ ಮಂದಿ ನಿಂತಾರ, ಛತ್ತಿಗೆ ಅಡ್ಡ.

ನಸುಕಿನಾಗ ಸಿಕ್ಕಿತು.
ತಂಗಿ ಮಗ ಮಲಕಣ್ಣ ಎರಡು ವರ್ಷದವ ಇದ್ದಾಗ
ಅಂಗಾತ ಮಲಗಿ, ಜೊಲ್ಲು ಹಚ್ಚಿ, ಒತ್ತಿದ ಹದಿನೇಳು ಫೋಟೋ.
ಒಬ್ಬರೂ ಇಲ್ಲ. ಬರೇ ಛತ್ತು.
ಪತ್ರಾದ ಗೀರು, ಜಂತಿ, ತೊಟ್ಟಿಲ ಹಗ್ಗ ಸವದ ಗುರುತು.
ಒಂದರಾಗ ಮಾತ್ರ, ಮೂಲಿಗೆ, ನನ್ನ ಗದ್ದ,
ತುಟಿ ನಡುವ ಸೂಜಿ.
ಮೊಬೈಲ್ ತುಂಬ್ಯದ ಅಂತ ಅದು ಒದರಿದಾಗೆಲ್ಲ
ಇವನ್ನ ಅಳಸಬೇಕಂತಿದ್ದೆ.

ಆದರ ಛತ್ತಿಗೆ ಒಂದು ತೂತು ಇತ್ತು,
ಬಟಾಣಿಯಷ್ಟು.
ತೂತು ಕಾಣದ್ದೊಂದು ಆರಿಸಿ ಕಳಿಸಮ್ಮಂತ
ಒಂದೊಂದೇ ಸರಿಸಿದೆ.
ಹದಿನೇಳರಾಗೂ ತೂತು.
ನಡುಮಧ್ಯ, ಬೆಳ್ಳಗ, ಉರಿಯೋ ಹಂಗ.
ಅವ ತಗದದ್ದು ಛತ್ತಲ್ಲ.

ಕಳಿಸಿದೆ.

ಎರಡು ತಿಂಗಳಿಗೆ ಕಾಗದ ಬಂತು:
ಮೇಲ್ಛಾವಣಿಯ ಸವಕಳಿ ಕಳೆದು,
ದೊರೆತ ತಗಡುಗಳ ಗುಜರಿ ಮೌಲ್ಯ ಕಳೆದು,
ಪೂರ್ವದಲ್ಲಿಯೇ ಇದ್ದ ರಂಧ್ರದ ಬಾಬ್ತು ಕಳೆದು,
ಹನ್ನೊಂದು ಸಾವಿರದ ನಾನೂರಾ ಆರು.

ಹೊಸಾ ಪತ್ರಾ ನೀಲಿ ಬಣ್ಣದ್ದು.
ರಬ್ಬರಿನ ವಾಶರ್ ಹಾಕಿ ಸ್ಕ್ರೂ ಬಿಗದಾರ.
ಒಂದು ಹನಿ ಇಳಿಯಂಗಿಲ್ಲ.
ಮಧ್ಯಾಹ್ನ ಸೂಜಿಗೆ ದಾರ ಪೋಣಿಸಬೇಕಾದರ
ಈಗ ಎದ್ದು ಬಾಗಲ ತನಕ ಹೋಗತೀನಿ.